ಕಾಯುವ ಕೂಗು, ಕರೆಯುವ ಕೂಗು

ನಮ್ಮ ನಾಯಿಗೆ ದಿನಾ ಅಂಬಲಿ ಒಯ್ದು ಹಾಕುವ ಕೆಲಸವನ್ನು ಅಪ್ಪ ನನಗೆ ಒಪ್ಪಿಸಿದ್ದ. ನಾನು ಹಾಕಲಿಲ್ಲ. ಹಾಕಿ ಬಂದೆ ಎಂದು ಹೇಳಿದೆ. ತಪ್ಪು ಇಷ್ಟೇ ಆಗಿದ್ದರೆ ಇಷ್ಟು ಕಾಲ ಕಳೆದ ಮೇಲೆ ಕೂತು ಬರೆಯುತ್ತಿರಲಿಲ್ಲವೇನೋ. ಆ ಸುಳ್ಳನ್ನು ಉಳಿಸಿಕೊಳ್ಳಲು ನನ್ನ ತಂಗಿಯ ಕಿವಿಯನ್ನೇ ಸುಳ್ಳು ಮಾಡಿದೆ. ನಾಯಿ ಸತ್ತಿತು. ತಂಗಿ ಬದುಕಿದಳು, ಆದರೆ ತಾನು ಕೇಳಿದ್ದನ್ನು ತಾನೇ ನಂಬದವಳಾಗಿ ಬದುಕಿದಳು.

ನಾನು ಹೆಚ್ಚು ಓದಿದವನಲ್ಲ. ನಮ್ಮ ಹಳ್ಳಿ ಮಧುಗಿರಿ ಬೆಟ್ಟದ ಹಿಂಬದಿಗೆ ಇತ್ತು. ಅಲ್ಲಿನ ಶಾಲೆಯಲ್ಲಿ ಮೂರನೆಯ ತರಗತಿ ಮುಗಿಸಿದೆ, ಆಮೇಲೆ ಎತ್ತಿನ ಹಿಂದೆ ಹೋದೆ. ತಂಗಿ ನನಗಿಂತ ಸುಮಾರು ಐದು ವರ್ಷ ಚಿಕ್ಕವಳು. ಅವಳನ್ನು ಶಾಲೆಗೆ ಕಳಿಸುವ ಮಾತೇ ನಮ್ಮ ಮನೆಯಲ್ಲಿ ಎದ್ದಿರಲಿಲ್ಲ. ಅವಳಿಗೆ ಅದರ ಕೊರಗೂ ಇರಲಿಲ್ಲ. ಇಡೀ ದಿನ ಕೇಳುವುದಕ್ಕೆ ಏನಾದರೂ ಇದ್ದರೆ ಅವಳಿಗೆ ಸಾಕಾಗಿತ್ತು.

ನಮ್ಮ ಬೆಟ್ಟ ಅಂದರೆ ಒಂದೇ ಬಂಡೆ. ಹೊಸಬರು ಅದನ್ನು ತಲೆಯೆತ್ತಿ ನೋಡುತ್ತಾರೆ. ನನ್ನ ತಂಗಿ ಅದಕ್ಕೆ ಕಿವಿ ಹಚ್ಚುತ್ತಿದ್ದಳು. ಬೇಸಿಗೆಯ ಸಂಜೆ ಬಿಸಿಲಿಗೆ ಕಾದ ಬಂಡೆ ತಣ್ಣಗಾಗುವಾಗ ಒಳಗೊಳಗೇ ಟಿಕ್ ಟಿಕ್ ಎನ್ನುತ್ತದೆ ಎಂದು ನನಗೆ ತೋರಿಸಿದವಳು ಅವಳೇ. ಕಡಿದಾದ ಕಡೆ ಹೆಜ್ಜೇನು ಕಟ್ಟಿದ್ದವು. ಅವುಗಳ ಗುಂಯ್ ಎನ್ನುವ ಸದ್ದು ದಪ್ಪಗಾದರೆ, 'ಯಾವನೋ ಹೊಗೆ ಹಾಕವ್ನೆ' ಎಂದು ಹಿಟ್ಟಿನ ಕಲ್ಲಿನ ಮುಂದೆ ಕೂತೇ ಹೇಳುತ್ತಿದ್ದಳು. ಬೆಟ್ಟದ ತುದಿಗೆ ಒಂದು ಕಡೆ ಕಲ್ಲು ಒಡೆಯುವವರು ಇದ್ದರು. ಒಂದು ದಿನ ನನ್ನ ತಲೆಯನ್ನು ಹಿಡಿದು ಬಂಡೆಗೆ ಒತ್ತಿದಳು.

"ಈಗ ಕೇಳು. ಸುತ್ಗೆ ಒಂದ್ಸಲ ಬೀಳ್ತೈತೆ. ಸದ್ದು ಎಲ್ಡು ಸಲ ಬತ್ತೈತೆ."

ನಿಜವಾಗಿತ್ತು. ಬಂಡೆಗೆ ಒತ್ತಿದ ಕಿವಿಗೆ ಮೊದಲು ಒಂದು ಸಣ್ಣ ಟಣ್. ಆಮೇಲೆ ಗಾಳಿಗೆ ತೆರೆದಿದ್ದ ಇನ್ನೊಂದು ಕಿವಿಗೆ ಅದೇ ಟಣ್, ತಡವಾಗಿ. ಒಂದೇ ಏಟು ಎರಡು ದಾರಿ ಹಿಡಿದು ಬರುತ್ತಿತ್ತು. ಕಲ್ಲಿನ ದಾರಿಯದು ಓಡಿ ಬರುತ್ತದೆ, ಗಾಳಿಯ ದಾರಿಯದು ನಡೆದು ಬರುತ್ತದೆ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ನಾವು ಹಾಗೆ ಕಿವಿ ಇಟ್ಟು ಕೂತಾಗ ನಮ್ಮ ನಾಯಿಯೂ ಪಕ್ಕದಲ್ಲಿ ಬಂಡೆಯ ಮೇಲೆ ಗದ್ದ ಊರಿ ಮಲಗುತ್ತಿತ್ತು. ಅದು ಏನು ಕೇಳುತ್ತಿತ್ತೋ. ನಮಗಿಂತ ಮುಂಚೆ ಅದರ ಕಿವಿ ಅಲುಗುತ್ತಿತ್ತು.

ಅದೊಂದು ಕಂದು ಬಣ್ಣದ ಹೆಣ್ಣು ನಾಯಿ. ಕುರಿಯವರು ಪಾವಗಡದ ಕಡೆಯಿಂದ ಮಂದೆ ಹೊಡೆದುಕೊಂಡು ಬಂದಾಗ ನಮ್ಮ ಹೊಲದಲ್ಲಿ ಮರಿಯನ್ನು ಬಿಟ್ಟು ಹೋಗಿದ್ದರು. ಹಂದಿಯೊಂದು ಎಡಗಿವಿಯ ತುದಿ ಹರಿದಿತ್ತು. ನಾವು ಅದಕ್ಕೆ ಹೆಸರು ಇಡಲಿಲ್ಲ. ತಂಗಿ ನಾಲಿಗೆಯನ್ನು ಅಂಗುಳಿಗೆ ಬಡಿದು 'ಟೊಕ್' ಎನ್ನಿಸುತ್ತಿದ್ದಳು, ಅದು ಎಲ್ಲಿದ್ದರೂ ಬರುತ್ತಿತ್ತು. ನಾನು ಎಷ್ಟು ಟೊಕ್ ಎನ್ನಿಸಿದರೂ ತಿರುಗಿ ಸಹ ನೋಡುತ್ತಿರಲಿಲ್ಲ.

"ನಿಂದು ಬರೀ ಸದ್ದು ಕಣಣ್ಣ, ನಂದು ಕರೆಯೋದು" ಎಂದು ನಗುತ್ತಿದ್ದಳು.

ನಾಯಿಯ ಕೂಗಿನಲ್ಲೂ ಅವಳು ಹಾಗೆಯೇ ಬೇರೆ ಮಾಡುತ್ತಿದ್ದಳು. ನರಿಗೆ ಬೊಗಳಿದರೆ ಒಂದು, ಅಪರಿಚಿತರಿಗೆ ಬೊಗಳಿದರೆ ಒಂದು. ಮನೆಯ ಮುಂದೆ ಕೂತು ಸುಮ್ಮನೆ ಊರಿಗೆಲ್ಲ ಕೇಳಲಿ ಎಂದು ಬೊಗಳುವುದು ಕಾಯುವ ಕೂಗು. ಹಸಿವಾದಾಗ, ಬಾಯಾರಿದಾಗ, ಒಂಟಿಯಾದಾಗ ಕೊನೆಯಲ್ಲಿ ಎಳೆದು ಸಣ್ಣಗೆ ಮಾಡುವುದು ಕರೆಯುವ ಕೂಗು. ಅವ್ವ ಒಲೆಯ ಮುಂದಿನಿಂದಲೇ, "ಇವಳಿಗೆ ನಾಯಿ ಕಿವಿ ಇಟ್ಟು ಕಳ್ಸವ್ನೆ ಶಿವ. ನಾಳೆ ಅತ್ತೆ ಪಿಸುಗುಟ್ಟಿದ್ದೂ ಕೇಳ್ಕಂಡು ಜಗಳಕ್ಕೆ ನಿಂತ್ಕತಾಳೆ ನೋಡು" ಎನ್ನುತ್ತಿದ್ದಳು.

ಬಂಡೆಯ ಎದುರು ನಿಂತು ನಾಯಿ ಬೊಗಳಿದರೆ ಬಂಡೆಯೂ ಬೊಗಳುತ್ತಿತ್ತು. ನಾಯಿ ಅದಕ್ಕೆ ಇನ್ನಷ್ಟು ರೇಗುತ್ತಿತ್ತು. ಬಂಡೆಯೊಳಗೆ ಇನ್ನೊಂದು ನಾಯಿ ಇದೆ ಎಂದು ಅದು ತಿಳಿದಿತ್ತು. ತಂಗಿ ಹಾಗೆ ತಿಳಿಯಲಿಲ್ಲ. ಹತ್ತಿರ ನಿಂತರೆ ಬಂಡೆ ಬೇಗ ಉತ್ತರ ಕೊಡುತ್ತದೆ, ದೂರ ಹೋದಷ್ಟೂ ತಡ ಮಾಡುತ್ತದೆ ಎಂದು ಹೊಲದ ಬದುಗಳ ಮೇಲೆ ನಿಂತು ನಿಂತು ಕಂಡುಕೊಂಡಿದ್ದಳು. ಮೇಷ್ಟ್ರು ಇದಕ್ಕೆ 'ಪ್ರತಿಧ್ವನಿ' ಎನ್ನುತ್ತಾರೆ ಎಂದು ನಾನು ಹೇಳಿಕೊಟ್ಟೆ. ಅವಳು ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಶಾಲೆಯಲ್ಲಿ ಇವೆಲ್ಲಕ್ಕೂ ಹೆಸರಿದೆ ಎನ್ನುವುದು ಅವಳಿಗೆ ದೊಡ್ಡ ಸಂಗತಿಯಾಗಿ ಕಂಡಿತು. ಅಂದಿನಿಂದ ನನ್ನನ್ನು ಸ್ವಲ್ಪ ಹೆಚ್ಚು ನಂಬತೊಡಗಿದಳು.

ಆ ವರ್ಷದ ಮಾಗಿಯಲ್ಲಿ ನಮ್ಮೂರಲ್ಲಿ ಇಲಿ ಸತ್ತು ಬಿದ್ದವು. ಪಿಳೇಗು ಮಾರಿ ಬಂತೆಂದರೆ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವುದು ಆಗಿನ ಕ್ರಮ. ನಾವೂ ಸೋಗೆ, ಗಳ, ಮಡಕೆ ಕುಡಿಕೆ ಗಾಡಿಗೆ ಹೇರಿಕೊಂಡು ಊರಿಂದ ಮೂಡಲಿಗೆ ಹೊಲಕ್ಕೆ ಹೋದೆವು. ಗುಡಿಸಲ ಬಾಗಿಲಲ್ಲಿ ನಿಂತರೆ ನಡುವೆ ಊರು, ಅದರ ಹಿಂದೆ ಗೋಡೆ ಎದ್ದ ಹಾಗೆ ಬಂಡೆ.

ಮನೆಯಲ್ಲಿ ಉಳಿದದ್ದು ಎರಡು. ಒಂದು ಹಗೇವು. ಅಂಗಳದ ನೆಲದೊಳಗೆ ಗುಂಡಿ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ನಮ್ಮ ಎರಡು ವರ್ಷದ ಊಟ ಅದರಲ್ಲಿತ್ತು. ಖಾಲಿ ಊರಲ್ಲಿ ಕಳ್ಳರು ಮೊದಲು ಹುಡುಕುವುದೂ ಅದನ್ನೇ. ಅದಕ್ಕಾಗಿ ಉಳಿದದ್ದು ಇನ್ನೊಂದು, ನಾಯಿ. ಹಗ್ಗವನ್ನು ಕಡಿದುಬಿಡುತ್ತದೆ ಎಂದು ಅಪ್ಪ ಎತ್ತಿನ ಸರಪಳಿ ತಂದು ಅದನ್ನು ಜಗಲಿಯ ಕಂಬಕ್ಕೆ ಕಟ್ಟಿದ. ಕಲ್ಲುಬಾನಿಯಲ್ಲಿ ನೀರು ತುಂಬಿಸಿದ. ನಾಯಿ ಇಲಿ ಹಿಡಿಯುತ್ತದೆ, ಅದನ್ನು ಗುಡಿಸಲಿಗೆ ತರಬೇಡಿ ಎಂದು ಊರ ಹಿರಿಯರೂ ಹೇಳಿದ್ದರು.

ತಂಗಿ ಸರಪಳಿ ಹಿಡಿದುಕೊಂಡು ನಿಂತಳು. "ಬುಟ್ಬುಡಪ್ಪ. ಬುಟ್ರೂ ಅದು ಮನೆ ಬುಟ್ಟು ಹೋಗಾಕಿಲ್ಲ."

"ಬುಟ್ರೆ ನಿನ್ ಹಿಂದೇನೆ ಬತ್ತೈತೆ ಕಣಮ್ಮಿ. ಆಮೇಲೆ ರಾಗಿ ಯಾರು ಕಾಯ್ತಾರೆ, ನಿಮ್ಮಜ್ಜಿನಾ?" ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿದ. "ಲೇ, ದಿನಾ ಒಂದು ಮಡಕೆ ಅಂಬ್ಲಿ ತಂದು ಹಾಕು. ಬಾನಿ ನೋಡ್ಕಾ. ನಾಯಿ ನಿನ್ ಹೊಣೆ ಕಣ್ಲಾ."

ಮೊದಮೊದಲು ಹೋದೆ. ಖಾಲಿ ಊರಿನ ಸದ್ದು ಹೇಗಿರುತ್ತದೆ ಎಂದು ಆಗ ತಿಳಿಯಿತು. ಒನಕೆ ಇಲ್ಲ, ಬಾವಿಯ ಗಡಗಡಿ ಇಲ್ಲ, ಕೋಳಿ ಇಲ್ಲ. ನನ್ನ ಹೆಜ್ಜೆಯೇ ನನ್ನ ಹಿಂದೆ ಯಾರೋ ಬಂದ ಹಾಗೆ ಗೋಡೆಗಳಿಂದ ಬರುತ್ತಿತ್ತು. ನಾಯಿ ಬೀದಿಯ ತುದಿಯಲ್ಲೇ ನನ್ನನ್ನು ಗುರುತು ಹಿಡಿದು ಸರಪಳಿ ಎಳೆದು ಕುಣಿಯುತ್ತಿತ್ತು. ಅಂಬಲಿ ಸುರಿದರೆ ಲೊಚಲೊಚ ನೆಕ್ಕುತ್ತಿತ್ತು. ಆ ಸದ್ದು ಬಿಟ್ಟರೆ ಇಡೀ ಊರಲ್ಲಿ ಬೇರೆ ಸದ್ದಿರಲಿಲ್ಲ.

ಒಂದು ಬೆಳಿಗ್ಗೆ ನಾಯಿಯ ಮುಂಗಾಲಿನ ಹತ್ತಿರ ಸತ್ತ ಇಲಿ ಬಿದ್ದಿತ್ತು. ನಾಯಿ ಅದನ್ನು ಕಾಲಿಂದ ತಳ್ಳಿ ತಳ್ಳಿ ಆಡುತ್ತಿತ್ತು. ನನ್ನನ್ನು ಕಂಡದ್ದೇ ಇಲಿಯನ್ನು ಬಾಯಲ್ಲಿ ಕಚ್ಚಿಕೊಂಡು, ಇಕೋ ನೋಡು ಎನ್ನುವ ಹಾಗೆ ಬಾಲ ಅಲ್ಲಾಡಿಸಿತು. ನಮ್ಮ ಪಕ್ಕದ ಮನೆಯಾತ ಕಂಕುಳಲ್ಲಿ ಗೆಡ್ಡೆ ಎದ್ದು ಸತ್ತದ್ದನ್ನು ಕಂಡಿದ್ದೆ. ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ. ನಾಯಿ ನನ್ನ ಕಡೆ ನೆಗೆಯಿತು. ಸರಪಳಿ ಪೂರ್ತಿ ಎಳೆದು ಝಣ್ ಎಂದು ನಿಂತಿತು. ಆ ಝಣ್ ಸದ್ದನ್ನು ಈಗಲೂ, ಎತ್ತು ತಲೆ ಕೊಡವಿದಾಗ, ಬಾವಿಯ ಸರಪಳಿ ಎಳೆದಾಗ ಕೇಳುತ್ತೇನೆ. ಅವತ್ತು ಮಡಕೆ ಹಿಡಿದು ಓಡಿ ಬಂದೆ. ಊರ ಮುಂದೆ ಪೂಜೆಗೆ ನೆಟ್ಟ ಕರುವುಗಲ್ಲಿನ ಬುಡಕ್ಕೆ ಅಂಬಲಿ ಸುರಿದು, ಮಡಕೆಯನ್ನು ಮಣ್ಣಿನಿಂದ ಉಜ್ಜಿ ಗುಡಿಸಲಿಗೆ ಬಂದೆ.

"ಕುಡೀತಾ?" ಎಂದಳು ತಂಗಿ.

"ಕುಡೀತು."

ಮಾರನೆಯ ದಿನ ಹೋಗಲೇಬೇಕು ಎಂದುಕೊಂಡು ಹೊರಟೆ. ಕರುವುಗಲ್ಲಿನ ತನಕ ಬಂದೆ. ಅಲ್ಲಿ ನಿಂತೆ. ಮತ್ತೆ ಸುರಿದೆ. ಆಮೇಲೆ ಅದೇ ರೂಢಿಯಾಯಿತು. ಅಪ್ಪನಿಗೆ ಹೇಳಿಬಿಟ್ಟಿದ್ದರೆ ಅವನೇ ಹೋಗುತ್ತಿದ್ದ, ಎರಡು ಏಟು ಹಾಕುತ್ತಿದ್ದ, ಅಷ್ಟೇ. ಆದರೆ ಹೆದರಿದೆ ಎಂದು ಹೇಳುವುದಕ್ಕೆ ಹೆದರಿದೆ. ಕಾಗೆಗಳಿಗೆ ನನ್ನ ಹೊತ್ತು ಗೊತ್ತಾಗಿಹೋಯಿತು. ನಾನು ಮಡಕೆ ಎತ್ತಿಕೊಂಡು ಹೊರಟರೆ ಅವು ಕರುವುಗಲ್ಲಿಗೆ ಬಂದು ಕೂತು ಕೂಗುತ್ತಿದ್ದವು.

"ಅಣ್ಣ, ನೀನು ಹೋದಾಗ್ಲೆಲ್ಲ ಕರುವುಗಲ್ಲತ್ರ ಕಾಗೆ ಯಾಕೆ ಅಂಗೆ ಕೂಗ್ತವೆ?"

"ಹಾವಿರ್ಬೇಕು."

ಮಾಗಿಯ ಬೆಳಗಿನ ಚಳಿಯಲ್ಲಿ ಸದ್ದು ನೆಲ ಹಿಡಿದು ದೂರ ಬರುತ್ತದೆ. ಮಧ್ಯಾಹ್ನ ಕೇಳದ ಸದ್ದು ಆಗ ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತದೆ. ಒಂದು ಮುಂಜಾನೆ ನಾವೆಲ್ಲ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದೆವು. ಊರ ಕಡೆಯಿಂದ ನಾಯಿಯ ಕೂಗು ಬಂತು.

ಅಪ್ಪನಿಗೆ ಖುಷಿಯಾಯಿತು. "ನೋಡ್ದಾ, ಹೆಂಗೆ ಕಾಯ್ತಾ ಐತೆ ನಮ್ ನಾಯಿ. ಯಾವ್ ಕಳ್ಳನ್ ಮಗ ಬತ್ತಾನೆ ಬರ್ಲಿ."

ತಂಗಿ ಎದ್ದು ನಿಂತಿದ್ದಳು. "ಅದು ಕಾಯೋ ಕೂಗಲ್ಲ ಕಣಪ್ಪ. ಕರೆಯೋ ಕೂಗು. ಅದಕ್ಕೆ ಹಸಿವಾಗೈತೆ."

ಎಲ್ಲರೂ ನನ್ನ ಕಡೆ ನೋಡಿದರು. ಆಗ ನನ್ನ ಬಾಯಿಗೆ ಮೂರನೆಯ ತರಗತಿ ಬಂತು.

"ಅದು ಪ್ರತಿಧ್ವನಿ. ಕೂಗು ಬಂಡೆಗೆ ಬಡಿದು ವಾಪಸ್ ಬತ್ತೈತಲ್ಲ, ಬರುವಾಗ ಅಂಗೆ ಉದ್ದ ಆಯ್ತೈತೆ, ಸಣ್ಣಗಾಯ್ತೈತೆ. ಮೇಷ್ಟ್ರು ಹೇಳವ್ರೆ."

ಮೇಷ್ಟ್ರು ಅಂಥದ್ದೇನೂ ಹೇಳಿರಲಿಲ್ಲ.

"ಬಂಡೆ ಕೂಗೋಕ್ ಮುಂಚೆ ನಾಯಿ ಕೂಗ್ಬೇಕಲ್ಲಣ್ಣ" ಎಂದಳು ತಂಗಿ. "ಮೊದ್ಲು ಒಂದು, ಆಮೇಲೆ ಒಂದು. ನಂಗೆ ಎಲ್ಡೂ ಕೇಳ್ತೈತೆ. ಎಲ್ಡೂ ಸಣ್ಣಗೇ ಐತೆ."

"ನಿನ್ ಕಿವಿ ಕೆಟ್ಟೈತೆ. ಚಳಿಗೆ ಕಿವಿ ಕಟ್ಕಂಡೈತೆ."

"ಓದಿರೋನು ಹೇಳ್ತಾ ಅವ್ನೆ, ಕೇಳಮ್ಮಿ" ಎಂದ ಅಪ್ಪ. ಅವ್ವ ನಕ್ಕಳು. "ನಾಯಿ ಕಿವಿ ಅಂದಿದ್ದೆ ತಾನೆ, ಅದ್ಕೆ ಸೊಕ್ಕು ಬಂದೈತೆ ಇವಳ ಕಿವಿಗೆ."

ತಂಗಿ ನಗಲಿಲ್ಲ. ನನ್ನ ಮುಖವನ್ನೇ ನೋಡಿದಳು. ಅವಳ ಕಿವಿ ಒಂದು ಹೇಳುತ್ತಿತ್ತು, ಅಣ್ಣ ಇನ್ನೊಂದು ಹೇಳುತ್ತಿದ್ದ. ಎರಡರಲ್ಲಿ ಒಂದನ್ನು ಅವಳು ಬಿಡಬೇಕಾಗಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅವಳು ತನ್ನ ಕಿವಿಯನ್ನು ಬಿಟ್ಟಳು. ಬಟ್ಟೆಯ ತುಂಡನ್ನು ಬೆಂಕಿಗೆ ಹಿಡಿದು ಬೆಚ್ಚಗೆ ಮಾಡಿ ಕಿವಿಗೆ ಒತ್ತಿಕೊಂಡು ಕೂತಳು.

ಕೂಗು ಇನ್ನೂ ಕೆಲವು ದಿನ ಬಂತು. ಅವಳು ಸಂಜೆಯ ಹೊತ್ತು ಹೊಲದ ಬದುವಿನ ಮೇಲೆ ನಿಂತು ಊರ ಕಡೆಗೆ ಟೊಕ್ ಟೊಕ್ ಎನ್ನಿಸುತ್ತಿದ್ದಳು. ಅಷ್ಟು ದೂರ ಅದು ಕೇಳುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರು? ಆಮೇಲೆ ಒಂದು ಬೆಳಿಗ್ಗೆ ಕೂಗು ಇರಲಿಲ್ಲ. ಗೌಜಲ ಹಕ್ಕಿ ಕೂಗಿತು, ಎತ್ತಿನ ಗಂಟೆ ಕೇಳಿತು.

"ಗಾಳಿ ತಿರುಗೈತೆ" ಎಂದೆ ನಾನು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

ಬಿಸಿಲು ಏರಿ ಪಿಳೇಗು ಇಳಿದ ಮೇಲೆ ಊರಿಗೆ ಮರಳಿದೆವು. ನಾಯಿ ಕಂಬದಿಂದ ಸರಪಳಿ ಎಷ್ಟು ದೂರ ಬರುತ್ತದೋ ಅಷ್ಟೂ ದೂರ ಬಂದು ಬಿದ್ದಿತ್ತು. ಹಗೇವಿನ ಕಡೆಗಲ್ಲ, ಮನೆಯ ಬಾಗಿಲ ಕಡೆಗೂ ಅಲ್ಲ. ನಾನು ಬರುತ್ತಿದ್ದ ಬೀದಿಯ ಕಡೆಗೆ. ಬಾನಿಯ ತಳದಲ್ಲಿ ಒಣಗಿದ ಎಲೆ ಇತ್ತು. ಹಗೇವಿನ ಮಣ್ಣು ಮಾತ್ರ ಮೆತ್ತಿದ ಹಾಗೆಯೇ ಇತ್ತು. ನಮ್ಮ ರಾಗಿಯನ್ನು ಯಾರೂ ಮುಟ್ಟಿರಲಿಲ್ಲ.

"ಪಾಪ, ಇದ್ಕೂ ಮಾರಿ ಬಡೀತು" ಎಂದು ಅಪ್ಪ ಸುಣ್ಣ ಸುರಿದು ಹೂಳಿದ. ತಂಗಿ ಸರಪಳಿಯನ್ನು ತೊಳೆದು ತಂದು ಕೊಟ್ಟಿಗೆಯ ಗೂಟಕ್ಕೆ ಹಾಕಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಕೊನೆ ಕೊನೆಗೆ ಅಂಬ್ಲಿ ಕುಡೀತಿತ್ತಾ ಅಣ್ಣ?"

"ಕುಡೀತಿತ್ತು. ಬಾಲ ಆಡಿಸ್ತಿತ್ತು" ಎಂದೆ.

ಅವಳು ತಲೆ ಅಲ್ಲಾಡಿಸಿದಳು. ನನ್ನ ಮಾತನ್ನು ನಂಬಿದಳು. ನಂಬದೆ ಜಗಳವಾಡಿದ್ದರೆ ನಾನು ಅಂದೇ ಬಾಯಿ ಬಿಡುತ್ತಿದ್ದೆನೇನೋ.

ಅಂದಿನಿಂದ ಅವಳು ಬಂಡೆಗೆ ಕಿವಿ ಹಚ್ಚಿದ್ದನ್ನು ನಾನು ಕಾಣಲಿಲ್ಲ. ಹೆಜ್ಜೇನಿನ ಸದ್ದು ದಪ್ಪಗಾಯಿತೆಂದು ಹೇಳಲಿಲ್ಲ. ಏನಾದರೂ ಸದ್ದು ಕಿವಿಗೆ ಬಿದ್ದರೆ ಪಕ್ಕದವರ ಮುಖ ನೋಡಿ, "ನಿಮ್ಗೂ ಕೇಳಿಸ್ತಾ?" ಎನ್ನುವುದನ್ನು ಕಲಿತಳು. ಗುಡುಗಿದರೂ ಹಾಗೆ ಕೇಳುತ್ತಿದ್ದಳು, ಬಾಗಿಲು ತಟ್ಟಿದರೂ ಹಾಗೆ ಕೇಳುತ್ತಿದ್ದಳು. ಸಿರಾ ತಾಲ್ಲೂಕಿನ ಗೌಡಗೆರೆ ಕಡೆಗೆ ಅವಳನ್ನು ಮದುವೆ ಮಾಡಿ ಕೊಟ್ಟೆವು. ಅಲ್ಲಿ ಅವಳ ನಾದಿನಿಯರು ತಮಾಷೆಗೆ ಅವಳನ್ನು 'ಕೇಳಿಸ್ತಾ ಅತ್ಗೆ' ಎಂದೇ ಕರೆಯುತ್ತಿದ್ದರು. ನಾನು ಹೋದಾಗ ಅವರು ಹಾಗೆ ಕರೆದು ನಕ್ಕರು, ಅವಳೂ ನಕ್ಕಳು, ನಾನೂ ನಕ್ಕೆ.

ಒಂದು ಸಲ ನಾನು ಅಲ್ಲಿದ್ದಾಗ ಬೆಳಗಿನ ಜಾವ ಬಂದು ಎಬ್ಬಿಸಿದಳು. "ಅಣ್ಣ, ಹಸು ನೋವು ತಿಂತಾ ಐತೆ ಅನ್ನುಸ್ತೈತೆ. ನಿಂಗೂ ಕೇಳಿಸ್ತಾ?" ನನಗೆ ಏನೂ ಕೇಳಿಸಿರಲಿಲ್ಲ. "ಕೇಳ್ತು" ಎಂದೆ. ಆಮೇಲೇ ಅವಳು ಕೊಟ್ಟಿಗೆಗೆ ಓಡಿದ್ದು. ಕರು ಅಡ್ಡ ತಿರುಗಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಎರಡೂ ಹೋಗುತ್ತಿದ್ದವು ಎಂದು ಅವಳ ಗಂಡ ಹೇಳಿದ. ಅಷ್ಟು ನಿಜವಾದ ಕಿವಿಯನ್ನು ಇಟ್ಟುಕೊಂಡು ಅವಳು ನನ್ನಂಥವನ ಅಪ್ಪಣೆಗೆ ಕಾದಿದ್ದಳು. ಅವತ್ತು ಹೇಳಬೇಕಿತ್ತು. ಕರು ಹುಟ್ಟಿದ ಸಡಗರದಲ್ಲಿ ಬೇಡ ಎಂದುಕೊಂಡೆ. ಇನ್ನೊಮ್ಮೆ ಹೋದಾಗ ಅವಳ ಮಾವ ತೀರಿಕೊಂಡಿದ್ದ, ಆಗಲೂ ಬೇಡ ಎಂದುಕೊಂಡೆ. ಹೇಳದಿರುವುದಕ್ಕೆ ನೆಪ ಯಾವಾಗಲೂ ಇತ್ತು.

ಆಮೇಲೆ ಯುದ್ಧದ ಕಾಲ ಬಂತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ನೂಕಬೇಕಾಗಿತ್ತು. ತಂಗಿಗೆ ಬಹಳ ದಿನದಿಂದ ಕಿವಿ ಸೋರುತ್ತಿದೆ, ಈಗ ಮಾತೇ ಕೇಳಿಸುವುದಿಲ್ಲ ಎಂದು ಸಿರಾ ಸಂತೆಯಲ್ಲಿ ಸಿಕ್ಕ ಅವರ ಊರಿನವರು ಹೇಳಿದರು. ಮಾರನೆಯ ದಿನವೇ ನಾನು ಅಂಥದೊಂದು ಬಸ್ಸು ಹತ್ತಿದೆ.

ಸಂಜೆಯ ಹೊತ್ತಿಗೆ ಅವಳ ಮನೆ ಮುಟ್ಟಿದೆ. ಜಗಲಿಯ ಮೇಲೆ ನೆರೆಯ ಹೆಂಗಸರು ಬೀಜಕ್ಕೆಂದು ಕಡ್ಲೆಕಾಯಿ ಸುಲಿಯುತ್ತಿದ್ದರು. ತಂಗಿ ನಡುವೆ ಕೂತಿದ್ದಳು. ಅವಳ ಮುಂದೆ ಒಂದು ಕರಿಯ ನಾಯಿ ಮಲಗಿತ್ತು. ನಾನು ಬೀದಿಯ ತಿರುವಿನಲ್ಲಿದ್ದಾಗಲೇ ಅದರ ಕಿವಿ ನಿಮಿರಿತು. ನಾಯಿಯ ಕಿವಿ ನೋಡಿ ಅವಳು ತಲೆ ಎತ್ತಿದಳು.

"ಬಾರಣ್ಣ. ನನ್ ಕಿವಿ ಈಗ ಇದರ ತಲೆ ಮೇಲವೆ" ಎಂದು ನಕ್ಕಳು. ಕಿವುಡರ ಹಾಗೆ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದಳು. "ಬಲಗಿವಿ ಎತ್ತಿದ್ರೆ ಹಟ್ಟಿ ಕಡೆ, ಎಡಗಿವಿ ಎತ್ತಿದ್ರೆ ಬೀದಿ ಕಡೆ. ಎಲ್ಡೂ ಹಿಂದಕ್ ಮಾಡಿದ್ರೆ ನಮ್ಮತ್ತೆ ಬಂದ್ರು ಅಂತ ಲೆಕ್ಕ."

ಹೆಂಗಸರು ನಕ್ಕರು. ಅವಳು ನಾಲಿಗೆಯನ್ನು ಟೊಕ್ ಎನ್ನಿಸಿದಳು. ನಾಯಿ ಎದ್ದು ಬಂದು ಅವಳ ಮೊಣಕಾಲಿಗೆ ತಲೆ ಒತ್ತಿತು. ಆ ಸದ್ದು ಅವಳಿಗೇ ಕೇಳುತ್ತಿರಲಿಲ್ಲ.

"ಈಗ ಯಾರ್ನೂ ಕೇಳೋ ಗೋಜಿಲ್ಲ ನೋಡು" ಎಂದಳು. "ಇದು ಕೇಳ್ತು ಅಂದ್ರೆ ಕೇಳ್ತು. ನಾಯಿ ಸುಳ್ಳು ಹೇಳಾಕಿಲ್ಲ."

ನಾನು ಅವಳ ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಮೆಲ್ಲಗೆ ಹೇಳುವ ಮಾತು ಅದು, ಅವಳಿಗೊಬ್ಬಳಿಗೇ ಹೇಳುವ ಮಾತು. ಬಾಗಿ ಹೇಳಿದೆ. ಅವಳು ನನ್ನ ಬಾಯನ್ನೇ ನೋಡಿದಳು.

"ಕೇಳಾಕಿಲ್ಲ ಕಣಣ್ಣ. ಏನು, ನಿನ್ ಮಗನಿಗೆ ನಮ್ ಹುಡ್ಗಿನ ಕೇಳಕ್ ಬಂದ್ಯಾ? ಜೋರಾಗ್ ಹೇಳು, ಎಲ್ರೂ ನಮ್ಮೋರೇ."

ಕಡ್ಲೆಕಾಯಿ ಒಡೆಯುವ ಚಟಚಟ ನಿಂತಿತು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನು ಮತ್ತೆ ಹೇಳಿದೆ, ಇನ್ನೂ ಸಾಲದೆ ಹೋಯಿತು. ಅವಳು ಕಿವಿಯ ಹಿಂದೆ ಕೈ ಇಟ್ಟುಕೊಂಡು ಕಾದಳು. ಆಗ ನಾನು ಎದ್ದು ನಿಂತೆ. ಬೀದಿಗೆಲ್ಲ ಕೇಳುವ ಹಾಗೆ, ಹೊಲದಿಂದ ಹೊಲಕ್ಕೆ ಕೂಗುವ ಹಾಗೆ ಕೂಗಿದೆ.

"ಅವತ್ತು ನೀನು ಕೇಳಿದ್ದು ಸರಿ ಕಣಮ್ಮಿ! ಬಂಡೆ ಅಲ್ಲ ಅದು, ನಮ್ ನಾಯೇ. ಹಸಿದು ಕರೀತಿತ್ತು. ನಾನು ಅಂಬ್ಲಿ ಹಾಕ್ಲಿಲ್ಲ. ಹೆದ್ರಿಕೊಂಡು ಕರುವುಗಲ್ಲಿಗೆ ಸುರಿದು ಬತ್ತಿದ್ದೆ. ಆ ಕಾಗೆ ಅದಕ್ಕೇ ಕೂಗ್ತಿದ್ದಿದ್ದು. ನಿನ್ ಕಿವಿ ಕೆಟ್ಟಿರ್ಲಿಲ್ಲ ಕಣಮ್ಮಿ, ಯಾವತ್ತೂ ಕೆಟ್ಟಿರ್ಲಿಲ್ಲ. ನಾನೇ ಕೆಡಿಸ್ಬುಟ್ಟೆ. ತಪ್ಪಾಯ್ತು. ಕೇಳಿಸ್ತಾ? ನನ್ನಿಂದ ತಪ್ಪಾಯ್ತು ಕಣಮ್ಮಿ."